ಫುಟ್‌ಬಾಲ್ ಹೀರೋನ ಸೋಲಿಸಿದ ಅಜ್ಜಿ

ನನ್ನ ಮಗನಿಗೆ ಫುಟ್‌ಬಾಲ್ ಹುಚ್ಚು. ನಿನ್ನೆ ಊಟಕ್ಕೆ ಕೂತಾಗ ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶದ ಆಟಗಾರ ಜಾರ್ಜ್ ವೇಯಾ ಬಗ್ಗೆ ಶುರು ಮಾಡಿದ. 1995ರಲ್ಲಿ ಫುಟ್‌ಬಾಲ್‌ನ ದೊಡ್ಡ ಪ್ರಶಸ್ತಿ ಬ್ಯಾಲನ್ ಡಿ'ಓರ್ ಗೆದ್ದವರಂತೆ, ಆಮೇಲೆ ದೇಶದ ಅಧ್ಯಕ್ಷರೂ ಆದರಂತೆ. "ಅದಕ್ಕೂ ಮೊದಲು ಅವರನ್ನು 67 ವರ್ಷದ ಅಜ್ಜಿ ಒಬ್ಬರು ಸೋಲಿಸಿದ್ದರು, ಗೊತ್ತಾ?" ಅಂದೆ. ನಂಬಲಿಲ್ಲ.

ಆ ಅಜ್ಜಿ ಎಲೆನ್ ಜಾನ್ಸನ್ ಸರ್ಲೀಫ್. 17ಕ್ಕೇ ಮದುವೆ, ನಾಲ್ಕು ಗಂಡುಮಕ್ಕಳು. ಆಮೇಲೆ ಅಮೆರಿಕಕ್ಕೆ ಹೋಗಿ ಓದಿದರು, ಹಣಕಾಸು ಮಂತ್ರಿಯಾದರು. 1980ರಲ್ಲಿ ಸೇನಾ ಕ್ರಾಂತಿ. ಹದಿಮೂರು ಜನ ಅಧಿಕಾರಸ್ಥರನ್ನು ರಾಜಧಾನಿ ಮನ್ರೋವಿಯಾದ ಕಡಲತೀರದಲ್ಲಿ ಗುಂಡಿಟ್ಟು ಕೊಂದರು. ಈಕೆ ಉಳಿದರು. 1985ರಲ್ಲಿ ಸರ್ಕಾರವನ್ನು ಟೀಕಿಸಿದ್ದಕ್ಕೆ 10 ವರ್ಷ ಶಿಕ್ಷೆ ಆಯಿತು, ಆದರೆ ಬೇಗ ಬಿಡುಗಡೆಯಾಯಿತು. ಅದೇ ವರ್ಷ ಸೆನೆಟ್‌ಗೆ ಗೆದ್ದರೂ, ಚುನಾವಣೆಯೇ ಮೋಸ ಅಂತ ಸೀಟಿನಲ್ಲಿ ಕೂರಲಿಲ್ಲ! ಗೆದ್ದ ಕುರ್ಚಿ ಬೇಡ ಅನ್ನೋರು ಎಷ್ಟು ಜನ ಸಿಗ್ತಾರೆ ಹೇಳಿ.

1997ರ ಅಧ್ಯಕ್ಷ ಚುನಾವಣೆಯಲ್ಲಿ ಬಂಡುಕೋರ ನಾಯಕ ಚಾರ್ಲ್ಸ್ ಟೇಲರ್ ಎದುರು ಸೋತರು. 2005ರ ಮೊದಲ ಸುತ್ತಿನಲ್ಲಿ ವೇಯಾ ಮುಂದಿದ್ದರು, ಎರಡನೇ ಸುತ್ತಿನಲ್ಲಿ ಈಕೆ ಗೆದ್ದರು. ಆಫ್ರಿಕಾದಲ್ಲಿ ಚುನಾವಣೆ ಗೆದ್ದು ಅಧ್ಯಕ್ಷೆಯಾದ ಮೊದಲ ಹೆಂಗಸು. 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಕೂಡ ಬಂತು. ಅವರ ಕಚೇರಿಗೆ ಕಾವಲಿದ್ದವರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋಗಿದ್ದ ನಮ್ಮ ಸಿಆರ್‌ಪಿಎಫ್‌ನ ಹೆಣ್ಣುಮಕ್ಕಳೂ ಇದ್ದರು. ಅದು ನೆನಪಾದಾಗ ಸ್ವಲ್ಪ ಜಾಸ್ತಿನೇ ಖುಷಿ.

ದೇವತೆಯೇನಲ್ಲ. ಟೇಲರ್‌ಗೆ ಮೊದಲು ಬೆಂಬಲ ಕೊಟ್ಟಿದ್ದರು. ಮಕ್ಕಳಿಗೆ ದೊಡ್ಡ ಹುದ್ದೆ ಕೊಟ್ಟರು ಅಂತ ಬೈಸಿಕೊಂಡರು. ಅಮ್ಮಂದಿರೂ ರಾಜಕಾರಣಿಗಳೇ ಅಲ್ವಾ!

2018ರ ಜನವರಿಯಲ್ಲಿ ಅಧಿಕಾರ ಬಿಟ್ಟುಕೊಟ್ಟರು. ಯಾರಿಗೆ ಅಂತೀರಾ? ಅದೇ ವೇಯಾಗೆ. ಮಗ ಚಪ್ಪಾಳೆ ಹೊಡೆದದ್ದು ಆಗ ಮಾತ್ರ.