ಟ್ರೈಲರ್ ಸಿಗಿಸುವಾಗ ಮಧ್ಯೆ ಯಾರೂ ನಿಲ್ಬೇಡಿ

ಡಿಸೆಂಬರ್ ಬಂತು ಅಂದ್ರೆ ನಮ್ಮ ಮೂಡಿಗೆರೆ ಕಡೆ ಅರೇಬಿಕಾ ಕಾಫಿ ಕೊಯ್ಲು ಜೋರು, ಅದು ಮುಗಿಯೋಷ್ಟ್ರಲ್ಲಿ ರೋಬಸ್ಟಾ, ಮಾರ್ಚ್ ತನಕ ಟ್ರ್ಯಾಕ್ಟರ್‌ಗೆ ಬಿಡುವೇ ಇಲ್ಲ. ಸಿಪ್ಪೆ ಬಿಡಿಸೋ ಪಲ್ಪರ್ ಮಿಷನ್‌ಗೆ ಹಾಕೋ ಹಣ್ಣನ್ನ ಕೊಯ್ದ ದಿನಾನೇ ಹಾಕ್ಬೇಕು, ರಾತ್ರಿಯೆಲ್ಲ ಮೂಟೇಲೇ ಉಳಿದ್ರೆ ಬಿಸಿಯೇರಿ ಹುಳಿ ಬರುತ್ತೆ, ಹಾಗಾಗಿ ಸಂಜೆ ಆಯ್ತು ಅಂದ್ರೆ ತೋಟದ ಲೆಕ್ಕ ನೋಡೋ ರೈಟರ್‌ಗೂ ಅವಸರ ಡ್ರೈವರ್‌ಗೂ ಅವಸರ. ಆ ಅವಸರದಲ್ಲೇ ಟ್ರ್ಯಾಕ್ಟರ್ ರಿವರ್ಸ್ ತಗೊಂಡು ಟ್ರೈಲರ್ ಸಿಗಿಸ್ತಾರೆ, ಒಬ್ಬ ಹಿಂದೆ ಮೂಕಿ (ಟ್ರೈಲರ್ ಮುಂದೆ ಚಾಚಿರೋ ಎಳೆಯೋ ಕಂಬಿ) ಹಿಡ್ಕೊಂಡು ಬಗ್ಗಿ ನಿಂತು "ಬಾ ಬಾ ಬಾ, ಇನ್ನೊಂಚೂರು ಬಾ" ಅಂತಿರ್ತಾನೆ. ಅದನ್ನ ನೋಡಿದ್ರೆ ನಂಗೆ ಎದೆ ಝಲ್ ಅನ್ನುತ್ತೆ. ಕ್ಲಚ್ ಮೇಲಿಂದ ಕಾಲು ಜಾರಿದ್ರೆ ಆ ಮನುಷ್ಯನಿಗೆ ಓಡೋಕೆ ಜಾಗ ಎಲ್ಲಿದೆ ಹೇಳಿ, ಹಿಂದೆ ಟ್ರೈಲರ್ ಬಾಡಿ ಮುಂದೆ ಟ್ರ್ಯಾಕ್ಟರ್ ಚಕ್ರ.

ಅಕ್ಕನ ಮಗ ಡಿಗ್ರಿ ಮುಗಿಸಿ ತೋಟ ನೋಡ್ಕೋತೀನಿ ಅಂತ ಬಂದಿದಾನೆ, ಲೈಸೆನ್ಸೂ ಆಗಿದೆ. ಅವನಿಗೆ ಕಲಿಸೋಕೆ ಶುರು ಮಾಡಿದಾಗ ಮೊದಲು ಹೇಳಿದ್ದೇ ಇದು, ಗಾಡಿ ಅಲ್ಲಾಡ್ತಾ ಇರೋವಾಗ ಮಧ್ಯೆ ಯಾರೂ ಇರಬಾರ್ದು. "ಮತ್ತೆ ಮೂಕೀನ ಟ್ರ್ಯಾಕ್ಟರ್‌ಗೆ ಸೇರಿಸೋ ಪಿನ್ ಯಾರ್ ಹಾಕೋದು ಮಾವ?" ಅಂದ. ಹಾಕೋನು ಪಕ್ಕದಲ್ಲಿ, ನಿನ್ನ ಕಣ್ಣಿಗೆ ಕಾಣೋ ಹಾಗೆ ದೂರ ನಿಂತಿರ್ತಾನೆ, ನೀನು ನಿಲ್ಸಿ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಹಾಕಿ "ಹೂಂ" ಅಂದ್ಮೇಲೇ ಒಳಗೆ ಬರ್ತಾನೆ. ಅವನು ಕಣ್ಣಿಗೆ ಬೀಳ್ಲಿಲ್ಲ ಅಂದ್ರೆ ಅಲ್ಲೇ ನಿಲ್ಸು, ಎಷ್ಟೇ ಅವಸರ ಇರ್ಲಿ.

ಟ್ರ್ಯಾಕ್ಟರಲ್ಲಿ ಒಂದು ಅನುಕೂಲ ಅಂದ್ರೆ ಸೀಟಲ್ಲಿ ತಿರುಗಿ ಕೂತ್ರೆ ಹಿಚ್ (ಮೂಕಿ ಸಿಗಿಸೋ ಕೊಂಡಿ) ಕಾಣುತ್ತೆ, ಪಿಕಪ್ ಥರ ಮಿರರ್ ನೋಡಿ ಅಂದಾಜು ಹೊಡೀಬೇಕಾಗಿಲ್ಲ. ಆದ್ರೆ ತೀರಾ ಹತ್ರ ಬಂದ್ಮೇಲೆ ಸ್ಟೇರಿಂಗ್ ತಿರುಗಿಸಿ ಸರಿ ಮಾಡೋಕೆ ಹೋದ್ರೆ ಆಗಲ್ಲ, ಅಷ್ಟು ಜಾಗದಲ್ಲಿ ಹಿಚ್ ಪಕ್ಕಕ್ಕೆ ಬರೋದಿಲ್ಲ. ಹದಿನೈದು ಇಪ್ಪತ್ತು ಅಡಿ ದೂರದಿಂದಲೇ ಮೂಕಿ ನೇರಕ್ಕೆ ನಿಂತ್ಕೋಬೇಕು, ಹ್ಯಾಂಡ್ ಥ್ರಾಟಲ್ (ಕೈಯಲ್ಲಿ ಕೊಡೋ ಆಕ್ಸಲರೇಟರ್) ಪೂರ್ತಿ ಇಳಿಸಿ ಲೋ ಗೇರಲ್ಲಿ ತೆವಳ್ಕೊಂಡು ಬರ್ಬೇಕು, ತಪ್ಪಿತು ಅನ್ನಿಸಿದ್ರೆ ಮುಂದಕ್ಕೆ ಹೋಗಿ ಇನ್ನೊಂದ್ಸಲ ಬರ್ಬೇಕು. ಎಡ ಬಲ ಚಕ್ರಕ್ಕೆ ಬೇರೆ ಬೇರೆ ಇರೋ ಎರಡು ಬ್ರೇಕ್ ಪೆಡಲ್‌ನೂ ಸೇರಿಸಿ ಲಾಕ್ ಹಾಕಿರ್ಬೇಕು, ಇಲ್ಲಾಂದ್ರೆ ಒಂದೇ ಕಡೆ ಚಕ್ರ ಹಿಡಿದು ಟ್ರ್ಯಾಕ್ಟರ್ ಓರೆಯಾಗುತ್ತೆ.

ನಮ್ಮ ಹುಡುಗನಿಗೆ ಗೊಂದಲ ಆಗಿದ್ದು ಸ್ಟೇರಿಂಗಲ್ಲಿ. ಬರೀ ಟ್ರ್ಯಾಕ್ಟರ್ ಹಿಂದಕ್ಕೆ ತಗೊಳ್ಳುವಾಗ ಬಲಕ್ಕೆ ತಿರುಗಿಸಿದ್ರೆ ಹಿಂಭಾಗ ಬಲಕ್ಕೇ ಹೋಗುತ್ತೆ, ಪಿನ್ ಬಿದ್ದ ಮೇಲೆ ಅದೇ ಬಲಕ್ಕೆ ತಿರುಗಿಸಿದ್ರೆ ಟ್ರೈಲರ್ ಎಡಕ್ಕೆ ಹೋಗುತ್ತೆ. ಸ್ಟೇರಿಂಗನ್ನ ಕೆಳಗಡೆ ಹಿಡ್ಕೊ, ಕೈ ಯಾವ ಕಡೆ ಹೋಗುತ್ತೋ ಟ್ರೈಲರ್ ಹಿಂಭಾಗಾನೂ ಆ ಕಡೆಗೇ ಹೋಗುತ್ತೆ ಅಂದೆ, ಆಮೇಲೆ ಖಾಲಿ ಕಣದಲ್ಲಿ ಎರಡು ಬುಟ್ಟಿ ಇಟ್ಟು ಮಧ್ಯೆ ತಗೊಂಡೋಗು ಅಂತ ಬಿಟ್ಟೆ, ಹಿಡೀತು. ಇದೆಲ್ಲ ಎರಡು ಚಕ್ರದ ಟ್ರೈಲರ್ ಮಾತು. ಬಯಲುಸೀಮೆ ಕಡೆ ಕಬ್ಬು ಹೇರೋ ನಾಲ್ಕು ಚಕ್ರದ್ದಿದ್ಯಲ್ಲ, ಅದರ ಮುಂದಿನ ಆಕ್ಸಲ್ಲೇ ಬೇರೆ ತಿರುಗುತ್ತೆ, ಅದನ್ನ ಹಿಂದಕ್ಕೆ ಹೊಡೆಯೋರಿಗೆ ನಾನು ಕೈ ಮುಗೀತೀನಿ.

ಇನ್ನು ಭಾರ. ಎತ್ತಿನಗಾಡಿ ಹೊಡೆದಿರೋ ಹಿರಿಯರಿಗೆ ಮುಂಭಾರ ಹಿಂಭಾರ ಅಂದ್ರೆ ಬಿಡಿಸಿ ಹೇಳ್ಬೇಕಾಗಿಲ್ಲ, ಎರಡು ಚಕ್ರದ ಟ್ರೈಲರ್‌ಗೂ ಅದೇ ಲೆಕ್ಕ. ಮೂಟೆ ಎಲ್ಲ ಹಿಂದೆ ಪೇರಿಸಿ ಪಿನ್ ಎಳೆದ್ರೆ ಮೂಕಿ ಮೇಲಕ್ಕೆ ಚಿಮ್ಮುತ್ತೆ, ಗಲ್ಲಕ್ಕೆ ಹೊಡೀಬಹುದು. ಮುಂದೆ ಹೆಚ್ಚಾಗಿದ್ದು ಸ್ಟ್ಯಾಂಡ್ ಇಳಿಸಿಲ್ಲ ಅಂದ್ರೆ ಕಾಲ ಮೇಲೆ ಬೀಳುತ್ತೆ. ಭಾರ ಸ್ವಲ್ಪ ಮುಂದಕ್ಕೇ ಇರ್ಲಿ, ಆಗ ಟ್ರ್ಯಾಕ್ಟರ್ ಹಿಂದಿನ ಚಕ್ರಕ್ಕೂ ಹಿಡಿತ ಸಿಗುತ್ತೆ, ನಮ್ಮ ಏರು ದಾರೀಲಿ ಅದು ಬೇಕೇ ಬೇಕು. ಬಿಚ್ಚೋಕೆ ಮುಂಚೆ ಟ್ರೈಲರ್‌ನ ಎರಡೂ ಚಕ್ರಕ್ಕೆ ಕಲ್ಲು ಕೊಡಿ, ಸ್ಟ್ಯಾಂಡ್ ಕೆಳಗೆ ಹಲಗೆ ಇಡಿ, ಮಲೆನಾಡಿನ ಮೆತ್ತಗಿನ ಮಣ್ಣಲ್ಲಿ ಸ್ಟ್ಯಾಂಡ್ ಹೂತೋದ್ರೆ ಬೆಳಗ್ಗೆ ಮೂಕಿ ಹಿಚ್‌ಗಿಂತ ಕೆಳಗಿರುತ್ತೆ, ಆಗ ನಾಲ್ಕು ಜನ ಸೇರಿ ಎತ್ತೋಕೆ ಹೋಗೋದು, ಬೆರಳು ಸಿಕ್ಕಿಹಾಕ್ಕೊಳ್ಳೋದು. ಲೋಡ್ ಇದ್ರೆ ಜಾಕ್ ಹಾಕಿ ಎತ್ತಿ, ಕೈಯಲ್ಲಿ ಬೇಡ. ಹಿಚ್ ತೂತು ನೇರ ಬಂದಿದ್ಯಾ ಅಂತ ಬೆರಳು ಹಾಕಿ ನೋಡೋ ಅಭ್ಯಾಸಾನೂ ಬೇಡ.

ಪಿನ್ ಮೇಲಿಂದ ಕೆಳಕ್ಕೆ ಹಾಕಿ ಅದಕ್ಕೆ ಲಾಕ್ ಕ್ಲಿಪ್ ಹಾಕ್ಬೇಕು. ಕ್ಲಿಪ್ ಕಳೆದೋಯ್ತು ಅಂತ ಮೊಳೆ ಬಗ್ಗಿಸಿ ಸಿಗಿಸೋದು, ಬೈಂಡಿಂಗ್ ವೈರ್ ಸುತ್ತೋದು ನೋಡಿದ್ರೆ ನಂಗೆ ಕೋಪ ಬರುತ್ತೆ, ಒಂದು ಕ್ಲಿಪ್‌ಗೆ ಎಷ್ಟಪ್ಪಾ ದುಡ್ಡು? ಟ್ರೈಲರ್ ಕೆಸರಲ್ಲಿ ಹೂತಾಗ ಟ್ರ್ಯಾಕ್ಟರ್ ಹಿಂದೆ ಮೇಲುಗಡೆ ಇರೋ ಟಾಪ್ ಲಿಂಕ್ ಜಾಗಕ್ಕೆ ಚೈನ್ ಕಟ್ಟಿ ಎಳೆಯೋದಂತೂ ಇನ್ನೂ ಕೆಟ್ಟದ್ದು. ಎಳೆಯೋ ಜಾಗ ಹಿಂದಿನ ಆಕ್ಸಲ್‌ಗಿಂತ ಮೇಲಿದ್ರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಡ್ರೈವರ್ ಮೇಲೇ ಮಗುಚುತ್ತೆ, ಏನಾಯ್ತು ಅಂತ ಗೊತ್ತಾಗೋಷ್ಟ್ರಲ್ಲಿ ಮುಗಿದಿರುತ್ತೆ. ಎಳೆಯೋದಿದ್ರೆ ಕೆಳಗಿನ ಹಿಚ್ಚಿಂದಲೇ ಎಳೀಬೇಕು.

ಎಲ್ಲ ಸಿಗಿಸಿದ ಮೇಲೆ ಸ್ಟ್ಯಾಂಡ್ ಎತ್ತಿ, ಕಲ್ಲು ತೆಗೆದು, ಒಂದೆರಡು ಅಡಿ ಮುಂದೆ ಹೋಗಿ ನಿಲ್ಸಿ, ಇಳಿದು ಪಿನ್ ಇನ್ನೊಂದ್ಸಲ ನೋಡಿ. ಬಾಡಿ ಎತ್ತಿ ಲೋಡ್ ಸುರಿಯೋ ಟಿಪ್ಪಿಂಗ್ ಟ್ರೈಲರ್ ಆದ್ರೆ ಹೈಡ್ರಾಲಿಕ್ ಪೈಪ್ ಚಕ್ರಕ್ಕೆ ತಾಗ್ತಿದ್ಯಾ ಅಂತಾನೂ ನೋಡಿ. ಕೊಟ್ಟಿಗೆಹಾರ, ಬಣಕಲ್ ಕಡೆ ರೋಡಿಗೆ ಹೋಗೋರು ದಯವಿಟ್ಟು ಹಿಂದೆ ಎರಡೂ ಮೂಲೆಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿ, ಮಂಜಲ್ಲಿ ಲೈಟಿಲ್ಲದ ಟ್ರೈಲರ್ ಬೈಕಿನೋರಿಗೆ ಹತ್ರ ಬರೋ ತನಕ ಕಾಣಲ್ಲ.