ಯಾರಿಗೆ ಮೊದಲು?

ಡೇನಿಯಲ್ ವಿಕ್ಲರ್ ಅವರ ವೃತ್ತಿಜೀವನದ ಬಗ್ಗೆ ಓದುತ್ತಿದ್ದೇನೆ. ಕಲಿತದ್ದು ತತ್ತ್ವಶಾಸ್ತ್ರ, ಮುಂದೆ ವಿಶ್ವ ಆರೋಗ್ಯ ಸಂಸ್ಥೆಗೆ ನೇಮಕವಾದ ಮೊದಲ ನೀತಿಶಾಸ್ತ್ರಜ್ಞ, ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕ. ವೈದ್ಯರು ಎದುರಿಗೆ ಕುಳಿತ ರೋಗಿಯನ್ನು ನೋಡುತ್ತಾರೆ. ಇವರ ಕೆಲಸ ಇಡೀ ಜನಸಮುದಾಯವನ್ನು ಮುಂದಿಟ್ಟುಕೊಂಡು ಯೋಚಿಸುವುದು. ಇರುವ ಹಣ, ಔಷಧಿ ಎಲ್ಲರಿಗೂ ಸಾಲದಿದ್ದಾಗ ಯಾರಿಗೆ ಮೊದಲು, ಏಕೆ?

ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ನಮಗೆ ಇದು ದೂರದ ಮಾತಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣುಗು ಕಚ್ಚುವುದು ಯಾರನ್ನು? ತರಗೆಲೆ ಗುಡಿಸಲು, ಸೌದೆ ತರಲು, ದನ ಅರಸಲು ಕಾಡಿಗೆ ಹೋಗಲೇಬೇಕಾದವರನ್ನು. ನಮ್ಮ ಪಕ್ಕದ ಮನೆಯ ಅಕ್ಕ ಕೈಕಾಲಿಗೆಲ್ಲ ಉಣುಗು ಹತ್ತದಂತೆ ಡೇಪಾ ಎಣ್ಣೆ ಸವರಿಕೊಂಡು ಹೊರಡುತ್ತಾರೆ. ಮರಳಿದ ಕೂಡಲೇ ಬಿಸಿನೀರು ಮೀಯುತ್ತಾರೆ. ಮಂಡಿಯ ಹಿಂದೆ, ಬೆರಳ ಸಂದಿಯಲ್ಲಿ ಎಳ್ಳಿನಷ್ಟು ಚಿಕ್ಕ ಮರಿ ಉಣುಗುಗಳನ್ನು ಹುಡುಕಿ ತೆಗೆಯುತ್ತಾರೆ. ಮಳೆ ಬೀಳುವವರೆಗೂ ಇದೇ ಪಾಡು.

ಈ ಕಾಯಿಲೆಗಿದ್ದ ಹಳೆಯ ಲಸಿಕೆ ಅಷ್ಟಾಗಿ ಫಲ ಕೊಡುತ್ತಿಲ್ಲವೆಂದು 2022ರಲ್ಲಿ ನಿಂತಿತು. ಕೊರೊನಾಕ್ಕೆ ವರ್ಷದೊಳಗೆ ಲಸಿಕೆ ಬಂತು, ಬರಲೇಬೇಕಿತ್ತು. ಆದರೆ ಕಾಡಂಚಿನ ಕೆಲವೇ ಊರುಗಳ ಕೂಲಿಕಾರರ ಕಾಯಿಲೆಗೆ ಆ ಅವಸರ ಏಕಿಲ್ಲ? ಜನ ಕಡಿಮೆ ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಮಕ್ಕಳಲ್ಲಿ ಒಬ್ಬಿಬ್ಬರಾದರೂ ಯಾರಿಗೆ ಮೊದಲು ಎಂಬ ಈ ವಿಷಯವನ್ನೇ ಹಿಡಿದು ಮುಂದೆ ಹೋಗಲಿ ಎಂದು ನನಗೆ ಬಹಳ ಆಸೆ.