ಭೋಸರಿಯಲ್ಲಿ ಹೊಸ ಹುಡುಗ

ಪುಣೆಯ ಭೋಸರಿಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ಇವತ್ತು ಗದಗದ ಹುಡುಗನೊಬ್ಬ ಸೇರಿದ. ಮೆಕ್ಯಾನಿಕಲ್ ಇಂಜಿನಿಯರಿಂಗ್, ಒಳ್ಳೆಯ ಮಾರ್ಕ್ಸ್. ಡ್ರಾಯಿಂಗ್‌ನಲ್ಲಿ ಶಾಫ್ಟ್ (ಯಂತ್ರದ ದುಂಡನೆಯ ದಂಡ) 25 ಮಿ.ಮೀ. ದಪ್ಪ, 0.01 ಮಿ.ಮೀ. ಮಾತ್ರ ಹೆಚ್ಚು ಅಥವಾ ಕಡಿಮೆ ಇರಬಹುದು ಅಂತಿತ್ತು. ಅವನು ಅಳೆಯಲು ವರ್ನಿಯರ್ ಕ್ಯಾಲಿಪರ್ ಎತ್ತಿಕೊಂಡ. ಆ ವರ್ನಿಯರ್ ತೋರಿಸುವುದೇ 0.02 ಮಿ.ಮೀ. ಲೆಕ್ಕದಲ್ಲಿ, 0.01 ಅದರಲ್ಲಿ ಸಿಗಲ್ಲ, ಅಲ್ವಾ? ಅದಕ್ಕಿಂತ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್ ಕೊಟ್ಟೆ. "ಸರ್, ಲ್ಯಾಬ್‌ನ್ಯಾಗ ಒಂದ ಸಲ ಮುಟ್ಟೇನ್ರಿ. ಹದಿನೈದು ಮಂದಿಗೆ ಒಂದ ಇತ್ತು" ಅಂದ.

ಬೇಜಾರಾಯಿತು. ಹುಡುಗನ ತಪ್ಪಲ್ಲ ಇದು. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರ ತಿದ್ದುಪಡಿಯಲ್ಲೇ ಇಂಜಿನಿಯರಿಂಗ್ ಪದವೀಧರರನ್ನೂ ಸೇರಿಸಿದ್ದಾರೆ. ಡಿಗ್ರಿ ಆದಮೇಲೆ ಒಂದು ವರ್ಷ ಸ್ಟೈಪೆಂಡ್ ಪಡೆದು ಕೆಲಸ ಕಲಿಯಬಹುದು. ಇವನಿಗೆ ಅದನ್ನು ಯಾರೂ ಹೇಳಿಯೇ ಇಲ್ಲ.

ಸಂಜೆ ಚಹಾ ಬಿಟ್ಟು ಇಪ್ಪತ್ತು ಸಲ ಅಳೆದ. ಕೊನೆಯ ಐದು ಸಲ ನನ್ನ ರೀಡಿಂಗೇ ಅವನದ್ದೂ. ನಾಳೆ ಶಾಫ್ಟ್ ಕಡೆಯುವ ಲೇತ್ ಯಂತ್ರದ ಮುಂದೆ ನಿಲ್ಲಿಸುತ್ತೇನೆ.